‘ಜರ್ಕ್ ಹೊಡೀತಿದೆ’ ಅಂದರೆ ಯಾವ ಜರ್ಕ್? ಆಟೊಮ್ಯಾಟಿಕ್ ಗೇರಿನ ತೊಂದರೆಗಳಿಗೆ ಕ್ರಿಯಾಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಹಳೆಯ ಆಟೊಮ್ಯಾಟಿಕ್ ಕಾರು ಇಟ್ಟುಕೊಂಡವರಿಗೆಂದು ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿನ ಬಗ್ಗೆ ತಕರಾರಿಲ್ಲ. ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವುದು), ಸೊಲೆನಾಯ್ಡ್ (ಕರೆಂಟಿನಿಂದ ಆಯಿಲಿನ ದಾರಿ ತೆರೆದು ಮುಚ್ಚುವುದು), ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕಡೆ ಹರಿಸುವುದು) ಹಾಗೇ ಇರಲಿ. ಅವಕ್ಕೆ ಸಂಸ್ಕೃತದಲ್ಲಿ ನಾಮಕರಣ ಮಾಡಿದರೆ ಗ್ಯಾರೇಜಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಾನು ತಡವರಿಸುತ್ತಿರುವುದು ಕ್ರಿಯಾಪದಗಳಲ್ಲಿ.

ಮೈಸೂರು, ಮಂಡ್ಯದ ಕಡೆ ಏನೇ ಆದರೂ ‘ಜರ್ಕ್ ಹೊಡೀತಿದೆ’ ಅನ್ನುತ್ತೇವೆ. ಇದರೊಳಗೆ ಕಡಿಮೆಯೆಂದರೂ ಮೂರು ಕಾಯಿಲೆ ಇವೆ. ನಿಂತ ಗಾಡಿಯಲ್ಲಿ ಲಿವರನ್ನು ‘ಪಿ’ಯಿಂದ (ಪಾರ್ಕ್) ‘ಡಿ’ಗೆ (ಡ್ರೈವ್) ತಂದಾಗ ದಡ್ ಎಂದು ಒದೆಯುವುದು ಒಂದು. ಇಂಜಿನ್ ಮೌಂಟಿಂಗ್ ಸವೆದಿರಬಹುದು, ಐಡಲಿಂಗ್ ಜಾಸ್ತಿಯಿರಬಹುದು. ಗೇರ್‌ಬಾಕ್ಸಿನ ತಪ್ಪೇ ಇಲ್ಲದಿರಬಹುದು. ಓಡುವಾಗ ಒಂದರಿಂದ ಎರಡನೇ ಗೇರಿಗೆ ಹೋಗುತ್ತಾ ಬೆನ್ನಿಗೆ ಗುದ್ದುವುದು ಇನ್ನೊಂದು. ಇಲ್ಲಿ ಆಯಿಲ್ ಪ್ರೆಶರ್, ಸೊಲೆನಾಯ್ಡ್ ನೋಡಬೇಕು. ಮೂರನೆಯದು, ಹೆದ್ದಾರಿಯಲ್ಲಿ ಆಕ್ಸಿಲರೇಟರನ್ನು ಹದವಾಗಿ ಒತ್ತಿಕೊಂಡು ಒಂದೇ ವೇಗದಲ್ಲಿ ಹೋಗುವಾಗ ರಂಬಲ್ ಸ್ಟ್ರಿಪ್ ಮೇಲೆ ಹತ್ತಿದ ಹಾಗೆ ಅದುರುವುದು. ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯಲು ಟಾರ್ಕ್ ಕನ್ವರ್ಟರಿನೊಳಗೆ ಇರುವ ಲಾಕಪ್ ಕ್ಲಚ್ ಹಿಡಿದು ಬಿಟ್ಟು ಮಾಡುತ್ತಿದ್ದರೆ ಹೀಗಾಗುತ್ತದೆ. ಎಷ್ಟೋ ಸಲ ಸರಿಯಾದ ಹೊಸ ಆಯಿಲ್ ಹಾಕಿದರೆ ನಿಲ್ಲುತ್ತದೆ. ಮೂರಕ್ಕೂ ಜರ್ಕ್ ಅಂದರೆ ಗೇರ್‌ಬಾಕ್ಸ್ ಇಳಿಸುವ ಮಾತೇ ಮೊದಲು ಬರುತ್ತದೆ. ಸದ್ಯಕ್ಕೆ ಒದೆ, ಗುದ್ದು, ಅದುರು ಎಂದು ಬೇರೆ ಮಾಡಿಕೊಂಡಿದ್ದೇನೆ. ಒಪ್ಪಿಗೆಯೇ?

‘ಗೇರ್ ಜಾರುತ್ತದೆ’ ಎಂಬುದು ಇದಕ್ಕಿಂತ ತೊಡಕು. ಕೈಗೇರಿನ ಗಾಡಿ ಓಡಿಸಿದವರು ಹಾಕಿದ ಗೇರು ತಾನೇ ನ್ಯೂಟ್ರಲ್‌ಗೆ ಬೀಳುವುದನ್ನು ಹೀಗೆ ಹೇಳುತ್ತಾರೆ. ಆಟೊಮ್ಯಾಟಿಕ್‌ನಲ್ಲಿ ಆಗುವುದೇ ಬೇರೆ: ಇಂಜಿನ್ ರೇಸ್ ಆಗುತ್ತದೆ, ಆರ್‌ಪಿಎಂ ಮುಳ್ಳು ಏರುತ್ತದೆ, ಗಾಡಿ ಮಾತ್ರ ಅದಕ್ಕೆ ತಕ್ಕಂತೆ ಮುಂದೆ ಹೋಗುವುದಿಲ್ಲ. ಒಳಗಿನ ಕ್ಲಚ್ ಪ್ಲೇಟುಗಳು ಬಿಗಿಯಾಗಿ ಹಿಡಿಯುತ್ತಿಲ್ಲ. (ಆಟೊ ಗೇರಿನಲ್ಲಿ ಕ್ಲಚ್ಚೇ ಇಲ್ಲ ಅನ್ನುವವರಿಗೆ: ಇಲ್ಲದಿರುವುದು ಪೆಡಲ್ ಅಷ್ಟೇ.) ಹಾಗಾಗಿ ‘ಹಿಡಿಯುತ್ತಿಲ್ಲ’ ಎಂದು ಬರೆದೆ. ಆಮೇಲೆ ಇನ್ನೊಂದು ಎದುರಾಯಿತು: ಬೆಳಿಗ್ಗೆ ತಣ್ಣಗಿರುವಾಗ ‘ಆರ್’ಗೆ (ರಿವರ್ಸ್) ಹಾಕಿ ಒಂದೆರಡು ಸೆಕೆಂಡು ಕಾದ ಮೇಲೆ ಗಾಡಿ ಹಿಂದಕ್ಕೆ ಸರಿಯುವುದು. ಆಯಿಲ್ ಕಡಿಮೆಯಾಗಿರುವುದಕ್ಕೋ ಸೀಲುಗಳು ಗಟ್ಟಿಯಾಗಿರುವುದಕ್ಕೋ ಇದು ಗುರುತು. ‘ತಡವಾಗಿ ಹಿಡಿಯುತ್ತದೆ’ ಅಂದರೆ ಸಾಕೇ, ಒಂದೇ ಮಾತು ಇದೆಯೇ?

‘ಗೇರ್ ಆಯಿಲ್’ ಎಂಬ ಮಾತನ್ನಂತೂ ಕೈಪಿಡಿಯಿಂದ ಕಿತ್ತುಹಾಕಿದ್ದೇನೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ಕೈಗೇರಿನ ಮಂದ ಎಣ್ಣೆ ಕೊಟ್ಟಾರು. ಇದಕ್ಕೆ ಬೇಕಾದದ್ದು ತೆಳುವಾದ, ಸಾಮಾನ್ಯವಾಗಿ ಕೆಂಪಗಿರುವ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಶನ್ ಫ್ಲೂಯಿಡ್). ಅದೂ ಆ ಗಾಡಿಗೆ ಹೇಳಿದ ದರ್ಜೆಯದೇ ಆಗಬೇಕು. ಅದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ‘ಸೀದಿದೆ’ ಅನ್ನಬಹುದು, ಅಲ್ಲಿ ನನಗೆ ಗೊಂದಲವಿಲ್ಲ.

ಧಾರವಾಡ, ಕಲಬುರಗಿ ಕಡೆಯವರು ‘ಗಾಡಿ ಜಗ್ಗವಲ್ದು’ ಅನ್ನುವುದು ಯಾವುದಕ್ಕೆ? ಇಂಜಿನ್‌ನಲ್ಲಿ ಶಕ್ತಿ ಕುಂದಿದಾಗಲೋ, ಇಂಜಿನ್ ಕೂಗುತ್ತಿದ್ದೂ ಗಾಡಿ ಹೋಗದಿದ್ದಾಗಲೋ? ಮಂಗಳೂರು ಕಡೆಯ ಡ್ರೈವರುಗಳ ಮಾತೂ ಬೇಕು.