ಅಪ್‌ಡೇಟ್: ‘ಅನ್‌ಲಿಮಿಟೆಡ್’ ಜ್ಯೂಸ್ ಬಿಲ್ಲಿನ ಕಥೆ

ಮಂಗಳೂರಿನ ಒಂದು ಕೆಫೆಯಲ್ಲಿ ‘299ಕ್ಕೆ ಎಷ್ಟು ಬೇಕಾದರೂ ಜ್ಯೂಸ್’ ಅಂತ ಬೋರ್ಡ್ ಹಾಕಿ, ಮೂರನೇ ಗ್ಲಾಸಿಗೆ ಬೇರೆ ದುಡ್ಡು ಹಾಕಿದ್ದರು, ಏನು ಮಾಡಲಿ ಎಂದು ಕೇಳಿದ್ದೆ. ಬೋರ್ಡಿನ ಫೋಟೋ, ಬಿಲ್ ಎರಡೂ ಇಟ್ಟುಕೊಳ್ಳಿ ಎಂದವರಿಗೆ ಥ್ಯಾಂಕ್ಸ್. ಅದೇ ಕೆಲಸಕ್ಕೆ ಬಂತು.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ದೂರಿನ ನಂಬರ್ ತೋರಿಸಿದ ಮೇಲೆ ಮ್ಯಾನೇಜರ್ ಜ್ಯೂಸಿನ ದುಡ್ಡು ವಾಪಸ್ ಕೊಟ್ಟರು. ಬಿಲ್ಲಿಗೆ ಸೇರಿಸಿದ್ದ ಸರ್ವಿಸ್ ಚಾರ್ಜ್ ಮಾತ್ರ ಕೊಡಲಿಲ್ಲ, ‘ಅದು ರೂಲ್ಸ್’ ಅಂದರು. ಯಾವ ರೂಲ್ಸೋ! ಕೇಳದೆ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದನ್ನು ಹೇಳಿದೆ, ಮುಖ ಗಂಟಿಕ್ಕಿಕೊಂಡೇ ಅದನ್ನೂ ಕೊಟ್ಟರು.

ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವವನಿದ್ದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಫೀಸೇ ಇಲ್ಲ, ವಕೀಲರೂ ಬೇಕಂತಿಲ್ಲ.