ಹೊಸ ಸೆನ್ಸರ್ ಹಾಕಿದರೂ ಮುಳ್ಳು 95 ದಾಟುತ್ತಿದೆ, ಇಂಜಿನ್ ನಿಜವಾಗಿ ಕಾಯುತ್ತಿದೆಯಾ?

ಕಡಲಕಾಗೆ

ನಮಸ್ಕಾರ ಎಲ್ಲರಿಗೂ. ನನ್ನದು ಒಂದೇ ಇಂಜಿನ್ ಇರುವ ಹಳೆಯ ಪೆಟ್ರೋಲ್ ಇನ್‌ಬೋರ್ಡ್ ದೋಣಿ, ಅಂದರೆ ಇಂಜಿನ್ ದೋಣಿಯ ಒಳಗೇ ಇದೆ. ಇಂಜಿನ್ ಒಳಗೆ ಓಡುವುದು ಕೂಲಂಟ್. ಹೊರಗಿನ ನೀರು ಆ ಕೂಲಂಟನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್‌ಗೆ ಮಾತ್ರ ಹೋಗಿ ಎಕ್ಸಾಸ್ಟ್ ಮೂಲಕ ಹೊರಬರುತ್ತದೆ. ಎಂಟು ವರ್ಷದಿಂದ ಇಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳು 75 ಡಿಗ್ರಿ ಹತ್ತಿರ ಬಂದು ನಿಂತರೆ ಅಲ್ಲಾಡುತ್ತಿರಲಿಲ್ಲ.

ಕಳೆದ ತಿಂಗಳು ಸಂಜೆ ವಾಪಸ್ ಬರುವಾಗ ಇದ್ದಕ್ಕಿದ್ದ ಹಾಗೆ 95 ದಾಟಿತು. ಗಾಬರಿಯಾಗಿ ಇಂಜಿನ್ ನಿಲ್ಲಿಸಿದೆ. ಮಗಳ ಜೊತೆ ಮುಕ್ಕಾಲು ಗಂಟೆ ನಡುನೀರಿನಲ್ಲಿ ಕೂತಿದ್ದೆ. ಅಲಾರಂ ಮಾತ್ರ ಕೂಗಲಿಲ್ಲ.

ಮಾರನೇ ದಿನ ಬೆಳಗ್ಗೆ ಓಡಿಸಿದರೆ ಎಲ್ಲಾ ಸರಿ! ಆದರೂ ಆ ಮೀಟರಿನ ಸೆನ್ಸರ್ ಬದಲಿಸಿದೆ. ಹೊರಗಿನ ನೀರೆತ್ತುವ ಪಂಪಿನ ಇಂಪೆಲ್ಲರ್ (ರೆಕ್ಕೆಗಳ ಚಕ್ರ) ಬಿಚ್ಚಿ ನೋಡಿದೆ, ಒಂದು ರೆಕ್ಕೆಯೂ ಮುರಿದಿಲ್ಲ. ಕೂಲಂಟ್ ಮಟ್ಟ ಸರಿ ಇದೆ, ಎಕ್ಸಾಸ್ಟ್‌ನಲ್ಲಿ ನೀರು ಚೆನ್ನಾಗಿ ಬರುತ್ತಿದೆ. ಆದರೆ ನಿನ್ನೆ ಸಂಜೆ ಮತ್ತೆ ಅದೇ ಕಥೆ. ಇನ್ನೊಂದು ಸೆನ್ಸರ್ ತರಲಾ? ಮಗಳನ್ನು ಕೂರಿಸಿಕೊಂಡು ಹೊರಡಲು ಈಗ ಧೈರ್ಯ ಬರುತ್ತಿಲ್ಲ.

ನೀರಹಾದಿ

ಇನ್ನೊಂದು ಸೆನ್ಸರ್ ಈಗಲೇ ಬೇಡ. ಮೊದಲು ಇಂಜಿನ್ ನಿಜವಾಗಿ ಎಷ್ಟು ಬಿಸಿ ಇದೆ ಅಂತ ಗೊತ್ತಾಗಬೇಕು, ಅಲ್ವಾ? ಗನ್ ತರಹದ ಇನ್‌ಫ್ರಾರೆಡ್ ಥರ್ಮಾಮೀಟರ್ ಬರುತ್ತದಲ್ಲ, ಅದನ್ನು ಸೆನ್ಸರ್ ಕೂತಿರುವ ಜಾಗಕ್ಕೆ, ಥರ್ಮೋಸ್ಟ್ಯಾಟ್ (ಕೂಲಂಟಿನ ಹರಿವು ನಿಯಂತ್ರಿಸುವ ವಾಲ್ವ್) ಹೌಸಿಂಗ್‌ಗೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಕಡಿಮೆ ತೋರಿಸುತ್ತದೆ. ಹಾಗಾಗಿ ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ನೋಡಿ.

ಮೀಟರ್‌ನಷ್ಟೇ ಇದೂ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಆಗ ಥರ್ಮೋಸ್ಟ್ಯಾಟ್, ಹೀಟ್ ಎಕ್ಸ್‌ಚೇಂಜರ್ ಕಡೆ ಹೋಗಬೇಕು.

ಹಳೇ ಸ್ಪ್ಯಾನರ್

ಮೇಲಿನವರು ಹೇಳಿದ್ದು ಸರಿ. ಆದರೆ ನಿಮ್ಮ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬೆಳಗ್ಗೆ ಸರಿ, ಸಂಜೆ ಮಾತ್ರ ತೊಂದರೆ. ಸಂಜೆ ನೀವು ಲೈಟ್ ಹಾಕಿರುತ್ತೀರಿ, ಹೌದಾ? ನನಗೆ ಅರ್ಥಿಂಗ್ ಮೇಲೇ ಅನುಮಾನ.

ಮೀಟರ್ ಒಳಗಿನ ದೀಪ ಮತ್ತು ಮೀಟರ್, ಎರಡೂ ಸಾಮಾನ್ಯವಾಗಿ ಒಂದೇ ಕಪ್ಪು ವೈರಿನಲ್ಲಿ ಬ್ಯಾಟರಿಯ ನೆಗೆಟಿವ್‌ಗೆ ಸೇರುತ್ತವೆ. ಆ ವೈರಿನ ತುದಿಗೆ ಹಸಿರು ಕಿಲುಬು ಹಿಡಿದರೆ ಅಲ್ಲೇ ವೋಲ್ಟೇಜ್ ಕಳೆದುಹೋಗುತ್ತದೆ. ಲೈಟ್ ಹಾಕಿದ ತಕ್ಷಣ ಆ ನಷ್ಟ ಜಾಸ್ತಿ ಆಗುತ್ತದೆ, ಮುಳ್ಳು ಜರುಗುತ್ತದೆ. ಇಂಜಿನ್ ಪಾಪ, ಇದ್ದ ಹಾಗೇ ಇರುತ್ತದೆ. ಮುಳ್ಳು ನಿಂತ ಮೇಲೆ ಲೈಟ್ ಸ್ವಿಚ್ ಹಾಕಿ ಆರಿಸಿ ನೋಡಿ. ನಿಜವಾದ ಬಿಸಿ ಒಂದು ಸೆಕೆಂಡಿನಲ್ಲಿ 20 ಡಿಗ್ರಿ ಏರುವುದಿಲ್ಲ.

ಲೈಟಿಗೆ ಮುಳ್ಳು ಅಲ್ಲಾಡದಿದ್ದರೆ ಸೆನ್ಸರ್ ವೈರ್ ನೋಡಿ. ಇಂಜಿನ್ ಆಫ್, ಇಗ್ನಿಷನ್ ಆನ್. ಸೆನ್ಸರ್‌ನಿಂದ ವೈರ್ ಕಿತ್ತರೆ ಮುಳ್ಳು ಪೂರ್ತಿ ತಣ್ಣಗಿನ ಕಡೆ ಬೀಳಬೇಕು. ಅದೇ ವೈರನ್ನು ಇಂಜಿನ್ ಬ್ಲಾಕಿಗೆ ಒಂದು ಕ್ಷಣ ತಾಗಿಸಿದರೆ ಪೂರ್ತಿ ಬಿಸಿ ಕಡೆ ಹೋಗಬೇಕು. ಎರಡೂ ಆದರೆ ವೈರ್, ಮೀಟರ್ ಬದುಕಿವೆ ಅಂತ ಅರ್ಥ. ಪೆಟ್ರೋಲ್ ಇಂಜಿನ್ ಆದ್ದರಿಂದ ಒಂದು ಮಾತು, ದಯವಿಟ್ಟು ಮರೆಯಬೇಡಿ. ಮೊದಲು ಇಂಜಿನ್ ಕೋಣೆ ತೆರೆದು, ಕನಿಷ್ಠ 4 ನಿಮಿಷ ಬ್ಲೋವರ್ (ಅಲ್ಲಿನ ಗಾಳಿ ಹೊರಹಾಕುವ ಫ್ಯಾನ್) ಓಡಿಸಿ, ಮೂಗಿಗೆ ಪೆಟ್ರೋಲ್ ವಾಸನೆ ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವೈರ್ ತಾಗಿಸುವಾಗ ಕಿಡಿ ಹಾರಬಹುದು.

ಸೆನ್ಸರ್ ಬಗ್ಗೆಯೂ ಹೇಳಿಬಿಡುತ್ತೇನೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಅಮೆರಿಕದ ಮೀಟರ್‌ಗಳಿಗೆ ಬರುವ ಬಹಳಷ್ಟು ಸೆನ್ಸರ್‌ಗಳು 40 ಡಿಗ್ರಿಯಲ್ಲಿ ಸುಮಾರು 450 ಓಮ್ ಕೊಡುತ್ತವೆ, ಯುರೋಪಿನವು 290ರ ಆಸುಪಾಸು. ಥ್ರೆಡ್ (ತಿರುಪಿನ ಸುತ್ತು) ಸರಿಯಾಗಿ ಕೂತರೂ ಮೀಟರಿಗೆ ಹೊಂದದ ಸೆನ್ಸರ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಂದೇ ವೈರಿನ ಸೆನ್ಸರ್‌ಗೆ ಅರ್ಥ್ ಸಿಗುವುದೇ ಆ ಥ್ರೆಡ್ಡಿನಿಂದ. ಅಲ್ಲಿ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಮೀಟರ್ ಕಡಿಮೆ ತೋರಿಸುತ್ತದೆ. ಜಾಸ್ತಿ ತೋರಿಸುವುದಕ್ಕಿಂತ ಅದು ಅಪಾಯ. ನಿಜವಾಗಿ ಕಾದಾಗ ಗೊತ್ತೇ ಆಗುವುದಿಲ್ಲ.

ಕಡಲಕಾಗೆ

ಅಣ್ಣಾ, ನೀವು ಹೇಳಿದ್ದೇ ನಿಜ! ಇವತ್ತು ಕಟ್ಟಿದ ಜಾಗದಲ್ಲೇ ಅರ್ಧ ಗಂಟೆ ಇಂಜಿನ್ ಓಡಿಸಿದೆ. ಟೇಪ್ ಮೇಲೆ 74, ಮೀಟರಿನಲ್ಲಿ 75. ಲೈಟ್ ಹಾಕಿದೆ, ಮುಳ್ಳು ಸರ್ ಅಂತ 96ಕ್ಕೆ ಹೋಯಿತು. ಟೇಪ್ ಮೇಲೆ ಮಾತ್ರ 74 ಕದಲಲಿಲ್ಲ. ಆರಿಸಿದೆ, 75ಕ್ಕೆ ಇಳಿಯಿತು.

ಬ್ಯಾಟರಿ ಸ್ವಿಚ್ ಆಫ್ ಮಾಡಿ ಡ್ಯಾಶ್ ಹಿಂದೆ ಕೈ ಹಾಕಿದರೆ ಕಪ್ಪು ವೈರಿನ ರಿಂಗ್ ಟರ್ಮಿನಲ್ ಬೆರಳಿಗೆ ತಿರುಗುತ್ತಿತ್ತು. ಒಳಗೆಲ್ಲಾ ಹಸಿರು ಪುಡಿ. ಕತ್ತರಿಸಿ, ತವರ ಲೇಪಿಸಿದ ಹೊಸ ಟರ್ಮಿನಲ್ ಹಾಕಿ ಬಿಗಿ ಮಾಡಿದೆ. ಈಗ ಲೈಟ್ ಹಾಕಿದರೂ ಮುಳ್ಳು ಅಲ್ಲಾಡುವುದಿಲ್ಲ. ತುಂಬಾ ಥ್ಯಾಂಕ್ಸ್.

ಹಳೇ ಸ್ಪ್ಯಾನರ್

ಓದಿ ಸಮಾಧಾನ ಆಯಿತು. ಆದರೆ ಮಗಳನ್ನು ಕರೆದುಕೊಂಡು ಹೋಗುವ ಮೊದಲು ಇನ್ನೊಂದು ಕೆಲಸ ಇದೆ. ಅಲಾರಂ ಕೂಗಲಿಲ್ಲ ಅಂದಿರಿ. ಅದಕ್ಕೆ ಬೇರೆಯೇ ಸ್ವಿಚ್ ಇರುತ್ತದೆ, ಮೀಟರ್ ಸೆನ್ಸರ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಂಜಿನ್ ಕಾದಿರಲಿಲ್ಲ, ಅದಕ್ಕೇ ಸುಮ್ನೆ ಇದ್ದಿರಬಹುದು. ಸತ್ತೂ ಹೋಗಿರಬಹುದು. ಆ ಸ್ವಿಚ್ಚಿನ ವೈರ್ ಕಿತ್ತು, ಇಗ್ನಿಷನ್ ಆನ್ ಇಟ್ಟು, ಬ್ಲಾಕಿಗೆ ತಾಗಿಸಿ. ಬಜರ್ ಕೂಗಬೇಕು. ಬ್ಲೋವರ್ ಮೊದಲು.

ಕಡಲಕಾಗೆ

ಈಗಷ್ಟೇ ನೋಡಿ ಬಂದೆ. ಕೂಗಲಿಲ್ಲ. ಬಜರ್‌ಗೆ ನೇರವಾಗಿ 12 ವೋಲ್ಟ್ ಕೊಟ್ಟರೂ ಸದ್ದಿಲ್ಲ. ಅದು ಯಾವಾಗ ಕೆಟ್ಟಿತೋ, ಎಷ್ಟು ದಿನದಿಂದ ಹೀಗೇ ಓಡಾಡಿದ್ದೇವೋ. ಹೊಸ ಬಜರ್ ಬರುವವರೆಗೆ ದೋಣಿಯ ಹಗ್ಗ ಬಿಚ್ಚುವುದಿಲ್ಲ.