ತುರ್ತು: ‘ರೊಟೇಶನಲ್ ಗ್ರೇಜಿಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ. ಕೆನಡಾದ ದನ ಸಾಕಣೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಅಲ್ಲಿ ಆಲ್ಫಾಲ್ಫಾ ಎಂಬ ಮೇವಿನ ಸೊಪ್ಪು ಮತ್ತು ಬ್ರೋಮ್ ಹುಲ್ಲನ್ನು ಒಟ್ಟಿಗೆ ಬಿತ್ತಿ, ಹೊಲವನ್ನು ಕರೆಂಟ್ ಬೇಲಿಯಿಂದ ತುಂಡು ಮಾಡುತ್ತಾರೆ. ಒಂದೊಂದರಲ್ಲಿ ಕೆಲವೇ ದಿನ ದನ ಬಿಟ್ಟು ಮುಂದಕ್ಕೆ ಹೊಡೆಯುತ್ತಾರೆ, ಮೇಯ್ದದ್ದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬಿಡುವು. ‘ಆವರ್ತಕ ಚರಾಯಿಸುವಿಕೆ’ ಎಂದು ಹಾಕಿದ್ದೇನೆ. ಪ್ಯಾಡಾಕ್‌ಗೆ, ಅಂದರೆ ಬೇಲಿ ಹಾಕಿದ ಆ ಒಂದೊಂದು ತುಂಡಿಗೆ, ‘ದೊಡ್ಡಿ’ ಸರಿಯೇ? ಆಲ್ಫಾಲ್ಫಾ ಹಾಗೇ ಇರಲೇ?
– ಬೆಂಗಳೂರು

ಮರು:
‘ಮೇಯಿಸು’ ಇರುವಾಗ ‘ಚರಾಯಿಸು’ ಏಕೆ? ಹಿಂದಿಗೆ ‘ಇಸು’ ಅಂಟಿಸಿದರೆ ಕನ್ನಡವಾಗದು. ದೊಡ್ಡಿ ದನ ಕೂಡಿಹಾಕುವ ಜಾಗ, ಹುಲ್ಲು ಬೆಳೆಯುವ ಜಾಗವಲ್ಲ. ಆಲ್ಫಾಲ್ಫಾ ನಮ್ಮ ಕುದುರೆ ಮಸಾಲೆ ಸೊಪ್ಪು. ‘ಸುತ್ತುಮೇವು’ ಎನ್ನಿ, ಅಚ್ಚಗನ್ನಡ.
– ಮೈಸೂರು

ಮರು:
ಸುತ್ತುಮೇವು ಬೇಡ. ಗೂಟಕ್ಕೆ ಕಟ್ಟಿದ ಹಸು ಹಗ್ಗದಳತೆಯಲ್ಲಿ ಸುತ್ತಿ ಮೇಯುತ್ತದಲ್ಲ, ರೈತರ ಕಣ್ಣಿಗೆ ಬರುವುದು ಅದೇ. ಮೇಲಾಗಿ ಮೇವು ಅಂದರೆ ತಿನ್ನುವ ವಸ್ತು. ಕಾಲುವೆ ನೀರಿಗೆ ಪಾಳಿ ಇದ್ದ ಹಾಗೆ ಇದೂ ‘ಪಾಳಿ ಮೇಯಿಸುವುದು’.

ಮೇಡಂ, ಬ್ಲೋಟ್ ಎಂದು ಬಂದಲ್ಲಿ ದಯವಿಟ್ಟು ‘ಅಜೀರ್ಣ’ ಹಾಕಬೇಡಿ, ‘ಹೊಟ್ಟೆಯುಬ್ಬರ’ ಹಾಕಿ. ಎಳೆ ಕುದುರೆ ಮಸಾಲೆಯಲ್ಲಿ ಬೇಗ ಕರಗುವ ಪ್ರೊಟೀನು ಹೆಚ್ಚು. ಹೊಟ್ಟೆಯೊಳಗೆ ನೊರೆ ಕಟ್ಟಿ ತೇಗು ಹೊರಬರುವುದಿಲ್ಲ, ಎಡ ಪಕ್ಕೆಯ ಹಿಂದಿನ ಕುಳಿ ಉಬ್ಬಿ ನಿಲ್ಲುತ್ತದೆ. ಉಬ್ಬರ ಜೋರಾದರೆ ಉಸಿರುಗಟ್ಟಿ ದನ ಗಂಟೆಗಳಲ್ಲೇ ಸಾಯಬಹುದು. ಹುಲ್ಲು ಬೆರೆಸಿ ಬಿತ್ತುವುದಕ್ಕೂ, ಹಸಿದ ದನವನ್ನು ನುಗ್ಗಿಸದೆ ಮೊದಲು ಒಣಹುಲ್ಲು ಹಾಕುವುದಕ್ಕೂ ಅದೇ ಕಾರಣ. ಅಜೀರ್ಣ ಎಂದು ಓದಿದವರು ನಾಳೆ ನೋಡಿದರಾಯಿತು ಅಂದುಕೊಳ್ಳುತ್ತಾರೆ.
– ಧಾರವಾಡ

ಮರು:
ಪಾಳಿ ಮರಾಠಿಯ ದಾರಿಯಲ್ಲಿ ಬಂದದ್ದು. ಒಪ್ಪಲಾರೆ.
– ಮೈಸೂರು

ಮರು:
ಮಸಾಲೆ ಅರಬ್ಬಿ ಮೂಲದ್ದು ಸರ್. ಆಲ್ಫಾಲ್ಫಾ ಕೂಡ ಅರಬ್ಬಿಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋದ ಪದ. ಮಸಾಲೆಯನ್ನು ಒಪ್ಪಿ ಪಾಳಿಯನ್ನು ತಳ್ಳುವುದು ಯಾವ ನ್ಯಾಯ?

ಹುಲ್ಲುಗಾವಲು ಎಂದರೆ ಹುಲ್ಲು ಮತ್ತು ಕಾವಲು. ಮೇಯಿಸುವಷ್ಟೇ ಕಾಯುವ ಅರ್ಥವೂ ಅದರೊಳಗಿದೆ. ಮೈಸೂರು ಸೀಮೆಯಲ್ಲಿ ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಕಾವಲುಗಳಲ್ಲಿ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು, ಕಾಲಕ್ಕೆ ತಕ್ಕಂತೆ ದನ ಹೊಡೆಯುತ್ತಿದ್ದರು. ಹಾಗಾಗಿ ಪ್ಯಾಡಾಕ್‌ಗೆ ಕಾವಲು ಎಂದೇ ಕರೆಯಿರಿ.
– ಚಿಕ್ಕಮಗಳೂರು

ಮರು:
ಆ ಕಾವಲುಗಳು ನೂರಾರು ಎಕರೆಯ ಸಹಜ ಹುಲ್ಲು. ಇದು ಬಿತ್ತಿದ ಹೊಲ, ದನ ಮೂರು ದಿನಕ್ಕೆ ಜಾಗ ಬಿಡುತ್ತದೆ. ಹೊಂದುವುದಿಲ್ಲ.
– ಧಾರವಾಡ

ಮರು:
ಎಲ್ಲರಿಗೂ ಧನ್ಯವಾದ. ‘ಸರದಿ ಮೇಯಿಸುವಿಕೆ’, ‘ಕುದುರೆ ಮಸಾಲೆ’, ‘ಹೊಟ್ಟೆಯುಬ್ಬರ’ ಇಟ್ಟುಕೊಂಡೆ. ಪ್ಯಾಡಾಕ್‌ಗೆ ‘ಮೇಯಿಸುವ ಪಟ್ಟಿ’, ನೆಲದ ಪಟ್ಟಿ ಎಂಬರ್ಥದಲ್ಲಿ. ಬಿಡುವಿನ ದಿನಗಳಿಗೆ ‘ಕಾವಲು ದಿನಗಳು’ ಎಂದು ಬರೆದೆ, ಕಾಯುವ ಅರ್ಥ ಅಲ್ಲಿ ಸರಿಯಾಗಿ ಕೂರುತ್ತದೆ.
– ಬೆಂಗಳೂರು

ಮರು:
‘ಸರದಿ’ಗೂ ನನ್ನ ವಿರೋಧವಿದೆ. ಮೇವು ಬೇಡವಾದರೆ ‘ಸುತ್ತುಮೇಯಿಕೆ’ ಮಾಡಿ.
– ಮೈಸೂರು